ಹಗಲು ಮಲಗುವವಳ ಕೋಣೆ

ಯುಗಾದಿಯ ಮಧ್ಯಾಹ್ನ, ಅರ್ಧ ಒಬ್ಬಟ್ಟನ್ನು ತಟ್ಟೆಯಲ್ಲೇ ಬಿಟ್ಟು ಲಾವಣ್ಯ ಕೂತಲ್ಲೇ ನಿದ್ದೆಹೋದಳು. ತೂಕಡಿಕೆಯಲ್ಲ, ಅಪ್ಪಟ ನಿದ್ದೆ. ಬೆರಳು ತಟ್ಟೆಯಲ್ಲಿ, ತಲೆ ಗೋಡೆಗೆ, ಬಾಯಿ ಚೂರು ತೆರೆದಿತ್ತು. ತುಪ್ಪ ಬಡಿಸಲು ಬಗ್ಗಿದ್ದ ಅತ್ತೆ ವೈಜಯಂತಿ ಮಿಳ್ಳೆ ಹಿಡಿದುಕೊಂಡು ಹಾಗೇ ನಿಂತಳು.

"ಹಬ್ಬದೂಟದ ಮುಂದೆ ನಿದ್ದೆ ಮಾಡೋರನ್ನ ಇದೇ ಮೊದಲು ನೋಡ್ತಿರೋದು," ಎಂದರು ಮಾವ ಅನಂತರಾಮ.

"ಬೆಳಿಗ್ಗೆ ಆರಕ್ಕೆ ಬಂದಿದ್ದಾಳಪ್ಪ ಅವಳು. ಎಂಟಕ್ಕೆ ಎಣ್ಣೆಸ್ನಾನ ಅಂತ ಎಬ್ಬಿಸಿದ್ರಿ. ಹತ್ತಕ್ಕೆ ಬೇವುಬೆಲ್ಲ ಅಂತ ಎಬ್ಬಿಸಿದ್ರಿ," ಎಂದ ಮಗ ಸಂದೀಪ.

"ಹಬ್ಬದ ದಿನ ಎಬ್ಬಿಸದೆ ಇರೋಕಾಗುತ್ತೇನೋ?" ಎಂದರು ಅನಂತರಾಮ.

"ಅಮ್ಮ, ಭಾಭಿ ತೋ ಗಯೀ," ಎಂದು ಕಿಸಕ್ಕನೆ ನಕ್ಕಳು ಧಾರಿಣಿ, ಸಂದೀಪನ ತಂಗಿ. ದೆಹಲಿಯಲ್ಲೇ ಹುಟ್ಟಿ ಬೆಳೆದವಳು. ಅತ್ತಿಗೆ ಎಂಬ ಶಬ್ದ ಅವಳ ನಾಲಿಗೆಗೆ ಒಗ್ಗಿರಲಿಲ್ಲ.

ಜನಕಪುರಿಯ ಈ ಎರಡನೇ ಮಹಡಿಯ ಫ್ಲ್ಯಾಟಿಗೆ ಲಾವಣ್ಯ ಸೊಸೆಯಾಗಿ ಬಂದು ಹತ್ತು ತಿಂಗಳಾಗಿತ್ತು. ದಾವಣಗೆರೆಯ ಹುಡುಗಿ, ಗುರಗಾಂವಿನ ಕಾಲ್ ಸೆಂಟರಿನಲ್ಲಿ ಕೆಲಸ. ಸಂಜೆ ಏಳಕ್ಕೆ ಕಂಪನಿಯ ಕ್ಯಾಬು ಬಂದು ಒಯ್ಯುತ್ತಿತ್ತು, ಬೆಳಿಗ್ಗೆ ಆರಕ್ಕೆ ತಂದು ಇಳಿಸುತ್ತಿತ್ತು. ಸಂದೀಪನದು ಫರೀದಾಬಾದಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಎಂಜಿನಿಯರ್ ಕೆಲಸ. ಅವನ ಬಸ್ಸು ಆರೂಮುಕ್ಕಾಲಿಗೆ. ಗಂಡಹೆಂಡತಿ ಮುಖ ನೋಡಿಕೊಳ್ಳುತ್ತಿದ್ದುದು ದಿನಕ್ಕೆ ಮುಕ್ಕಾಲು ಗಂಟೆ, ಅದರಲ್ಲೂ ಒಬ್ಬರ ಬಾಯಲ್ಲಿ ಬ್ರಶ್ಶು ಇರುತ್ತಿತ್ತು.

ಎಚ್ಚರವಾದ ಲಾವಣ್ಯ ಕೈ ತೊಳೆದುಕೊಂಡು ಬಂದು ಎಲ್ಲರೆದುರು ಕೂತಳು.

"ಅತ್ತೆ, ಹೇಳಲೇಬೇಕಾಗಿದೆ. ಆಫೀಸಲ್ಲಿ ಎರಡು ಸಲ ಫೋನಿನ ಮುಂದೆ ನಿದ್ದೆ ಮಾಡಿ ಸಿಕ್ಕಿಬಿದ್ದೆ. ಎರಡು ಲೆಟರ್ ಕೊಟ್ಟಿದ್ದಾರೆ. ಮೂರನೇದು ಬಂದ್ರೆ ಮನೆಗೆ ಕಳಿಸ್ತಾರೆ. ಅಲ್ಲೇ ಹತ್ತಿರ ಒಂದು ಪಿ.ಜಿ. ಇದೆ, ನಮ್ಮ ಟೀಮಿನ ಹುಡುಗೀರೆಲ್ಲ ಇರೋದು ಅಲ್ಲೇ. ವಾರವೆಲ್ಲ ಅಲ್ಲಿದ್ದು ಶನಿವಾರ ಭಾನುವಾರ ಬರ್ತೀನಿ."

"ಮದುವೆಯಾದ ಹೆಣ್ಣು ಪಿ.ಜಿ.ಯಲ್ಲಾ?" ಅನಂತರಾಮ ಮಜ್ಜಿಗೆ ಲೋಟ ಕುಕ್ಕಿದರು. "ಮೂವತ್ತೈದು ವರ್ಷದಿಂದ ಈ ಊರಲ್ಲಿದ್ದೀನಿ. ಕನ್ನಡ ಸಂಘದಲ್ಲಿ ಯಾರಾದ್ರೂ ಕೇಳಿದ್ರೆ ಏನಂತ ಹೇಳ್ಲಿ?"

"ನಿದ್ದೆ ಮಾಡೋಕೆ ಹೋಗಿದ್ದಾಳೆ ಅಂತ ಹೇಳಿ ಮಾವ," ಎಂದಳು ಲಾವಣ್ಯ. ಅವಳು ತಮಾಷೆ ಮಾಡುತ್ತಿರಲಿಲ್ಲ.

ಕೆಲಸ ಬಿಡು ಎಂದು ಮಾತ್ರ ಯಾರೂ ಬಾಯಿಬಿಡಲಿಲ್ಲ. ಸಂದೀಪನ ಕಾರ್ಖಾನೆಯಲ್ಲಿ ಆ ವರ್ಷ ಸಂಬಳ ಕತ್ತರಿಸಿದ್ದರು. ಮನೆ ನಡೆಯುತ್ತಿದ್ದುದು ಯಾರಿಂದ ಎಂಬುದು ಎಲ್ಲರಿಗೂ ಗೊತ್ತಿತ್ತು.

"ಯಾರೂ ಎಲ್ಲಿಗೂ ಹೋಗೋದು ಬೇಡ," ಎಂದಳು ವೈಜಯಂತಿ. "ಅವಳಿಗೆ ಬೇಕಾಗಿರೋದು ನಿದ್ದೆ ತಾನೆ? ನಾನು ಕೋಣೆ ಮಾಡಿಸಿಕೊಡ್ತೀನಿ. ಹೋಟೆಲಲ್ಲೂ ಇರಬಾರದು, ಅಂಥಾದ್ದು. ಕಾಲಿಟ್ರೆ ಕಣ್ಣು ಮುಚ್ಚಬೇಕು."

"ಅಷ್ಟೆಲ್ಲ ಬೇಡ ಅತ್ತೆ. ಕತ್ತಲೆ ಇದ್ರೆ ಸಾಕು. ಎಲ್ಲರೂ ಬಂದು ತೆಗೆಯೋ ಆ ಬೀರು ಹೊರಗೆ ಹಾಕಿಸಿ. ಎಂಟರಿಂದ ಮೂರರವರೆಗೆ ನಾನು ಚಿಲಕ ಹಾಕ್ಕೊಂಡುಬಿಡ್ತೀನಿ."

"ಹಗಲುಹೊತ್ತಲ್ಲಿ ಚಿಲಕ ಹಾಕ್ಕೊಂಡು ಮಲಗ್ತಾರೇನಮ್ಮ? ಹೊರಗಿನವರು ಯಾರಿದ್ದಾರೆ ಇಲ್ಲಿ?"

ಪ್ರೀತಿಯಿಂದಲೇ ಹೇಳಿದಳು. ಚಿಲಕದ ಮಾತು ಅಲ್ಲಿಗೇ ನಿಂತಿತು. ಬೀರುವಿನ ಮಾತೂ ಅಷ್ಟೇ. ಅದನ್ನು ತಂದು ಹಾಲಿನಲ್ಲಿಟ್ಟರೆ ಬಂದವರ ಕಣ್ಣಿಗೆ ಹೊಡೆಯುತ್ತದೆ ಎಂದು ಅನಂತರಾಮ ತೀರ್ಪು ಕೊಟ್ಟರು.

ನಿಜ ಹೇಳಬೇಕೆಂದರೆ ಒಳ್ಳೆಯ ಮಲಗುವ ಕೋಣೆಯ ಆಸೆ ವೈಜಯಂತಿಯದೇ. ಮದುವೆಯಾಗಿ ಬಂದಾಗ ಕರೋಲ್‌ಬಾಗಿನ ತಾರಸಿಯ ಮೇಲೆ ಒಂದೇ ಕೋಣೆ, ನಡುವೆ ಸೀರೆ ಕಟ್ಟಿ ಆ ಕಡೆ ಮೈದುನನ ಸಂಸಾರ. ಜನಕಪುರಿಗೆ ಬಂದ ಮೇಲೆ ಇದ್ದೊಂದು ಕೋಣೆ ಮಕ್ಕಳಿಗೆ, ಆಮೇಲೆ ಮಗ ಸೊಸೆಗೆ. ಗಂಡಹೆಂಡತಿ ಹಾಲಿನ ದಿವಾನದ ಮೇಲೆ, ಮಗಳು ಅದರ ಪಕ್ಕದಲ್ಲಿ ಹಾಸಿಕೊಂಡು. ಒಮ್ಮೆ ಅಣ್ಣ ಇಂದುಶೇಖರ ಆಫೀಸಿನ ಖರ್ಚಿನಲ್ಲಿ ದೊಡ್ಡ ಹೋಟೆಲಿನಲ್ಲಿ ಇಳಿದುಕೊಂಡಿದ್ದಾಗ ಅವನನ್ನು ನೋಡಲು ಹೋಗಿ, ಅವನು ಸ್ನಾನಕ್ಕೆ ಹೋದ ಸಮಯ ಸಾಧಿಸಿ, ಹಾಸಿಗೆಯನ್ನು ಅಂಗೈಯಿಂದ ಒತ್ತಿ ನೋಡಿದ್ದಳು. ಆ ಮೆತ್ತನೆಯ ಸ್ಪರ್ಶ ಇನ್ನೂ ಕೈಯಲ್ಲಿತ್ತು. ಈಗ ಗಂಡನ ಪಿಂಚಣಿಗೆ ವೇತನ ಆಯೋಗದ ಬಾಕಿ ಬಂದು ಬ್ಯಾಂಕಿನಲ್ಲಿ ಕೂತಿತ್ತು. ಅದನ್ನು ಮುಟ್ಟಲು ಇದಕ್ಕಿಂತ ಒಳ್ಳೆ ನೆಪ ಸಿಗುತ್ತಿರಲಿಲ್ಲ.

ಏಪ್ರಿಲ್ ಪೂರ್ತಿ ಮನೆಯಲ್ಲಿ ಬಡಗಿಯ ಸದ್ದು. ಧಾರಿಣಿ ಯಾವುದೋ ಮ್ಯಾಗಜೀನಿನ ಹಾಳೆ ಹರಿದು ತಂದಿದ್ದಳು. ಅದರಲ್ಲಿದ್ದಂತೆ ಗೋಡೆಗೆ ತಿಳಿ ನೇರಳೆ, ಕಿಟಕಿಗೆ ಬದನೆಕಾಯಿ ಬಣ್ಣದ ಎರಡು ಪದರದ ಪರದೆ, ಚಾವಣಿಗೆ ಪ್ಲಾಸ್ಟರಿನ ಅಂಚು, ಅಂಚಿನೊಳಗೆ ಅಡಗಿದ ದೀಪಗಳು. ಕೆಲಸ ನಡೆಯುವಷ್ಟು ದಿನ ಲಾವಣ್ಯ ಹಾಲಿನ ದಿವಾನದ ಮೇಲೆ ದುಪಟ್ಟಾ ಮುಖಕ್ಕೆಳೆದುಕೊಂಡು ಮಲಗಿದಳು. ಎಲ್ಲ ಅವಳ ನಿದ್ದೆಗಾಗಿ ತಾನೆ, ಸ್ವಲ್ಪ ದಿನ ತಡೆದುಕೊ ಎಂದರು.

ಮಂಚಕ್ಕೆಂದು ತಾಯಿ ಮಗಳು ಕೀರ್ತಿನಗರದ ಪೀಠೋಪಕರಣದ ಅಂಗಡಿಗೆ ಹೋದರು. ಅಂಗಡಿಯವನು ತಲೆಹಲಗೆಗೆ ಮೆತ್ತೆ ಹೊಲಿದ ಮಂಚ ತೋರಿಸಿ, "ಬಾಕ್ಸ್‌ವಾಲಾ ಯಾ ಸಿಂಪಲ್, ಆಂಟೀಜೀ?" ಎಂದು ಕೇಳಿದ.

ವೈಜಯಂತಿಗೆ ನಗು ಬಂತು. ಅಡಿಯಲ್ಲಿ ಪೆಟ್ಟಿಗೆಯಿಲ್ಲದ ಮಂಚವನ್ನು ದೆಹಲಿಯಲ್ಲಿ ಯಾರಾದರೂ ಕೊಳ್ಳುತ್ತಾರೆಯೇ? ಆರಡಿ ಉದ್ದ ಆರಡಿ ಅಗಲದ ಜಾಗ ಸುಮ್ಮನೆ ಹೋಗುತ್ತದಲ್ಲ! "ಬಾಕ್ಸ್‌ವಾಲಾ ಭಯ್ಯಾ, ಔರ್ ಗೆಹರಾ ಬನಾನಾ," ಎಂದಳು.

ಆ ಆಳವಾದ ಪೆಟ್ಟಿಗೆಯೊಳಗೆ ಚಳಿಗಾಲದ ನಾಲ್ಕು ರಜಾಯಿ, ನೆಂಟರು ಬಂದಾಗ ಹಾಸುವ ಹಾಸಿಗೆಗಳು, ಹಿತ್ತಾಳೆ ಪಾತ್ರೆ, ದಸರಾ ಗೊಂಬೆ, ಅನಂತರಾಮರ ಸರ್ವೀಸಿನ ಕಾಗದಪತ್ರಗಳ ಎಂಟು ಕಟ್ಟು ಹೋದವು. ಮೇಲೆ ಹಲಗೆ, ಹಲಗೆಯ ಮೇಲೆ ಎಂಟಿಂಚಿನ ಹಾಸಿಗೆ, ರೇಷ್ಮೆಯಂತೆ ಮಿರುಗುವ ಹೊದಿಕೆ. ಕೊನೆಯಲ್ಲಿ ಎ.ಸಿ. ಬಂತು.

ಮೊದಲ ದಿನ ಲಾವಣ್ಯ ಕ್ಯಾಬಿನಿಂದ ಇಳಿದು ಬಂದು ಬಾಗಿಲಲ್ಲಿ ನಿಂತಳು. ಪರದೆ ಎಳೆದಿತ್ತು. ಒಳಗೆ ತಂಪು, ಕತ್ತಲು, ಹೊಸ ಬಟ್ಟೆಯ ವಾಸನೆ.

"ಅತ್ತೆ..." ಎಂದಳು. ಅತ್ತೆಯ ಭುಜಕ್ಕೆ ತಲೆಯಿಟ್ಟಳು.

ಆ ದಿನ ಏಳು ಗಂಟೆ ಮಲಗಿದಳು. ಮರುದಿನವೂ. ವೈಜಯಂತಿ ಕಾವಲು ಕೂತಳು. ಕರೆಗಂಟೆಯ ತಂತಿ ಕೀಳಿಸಿದಳು, ಎಂಟರೊಳಗೆ ಕುಕ್ಕರ್ ಕೂಗಿಸಿ ಮುಗಿಸಿದಳು, ಕೆಳಗೆ "ಕಬಾಡೀ" ಎಂದು ಕೂಗುವ ಹಳೆ ಸಾಮಾನಿನವನಿಗೆ ಬಾಲ್ಕನಿಯಿಂದಲೇ ಕೈಮುಗಿದು ಮುಂದೆ ಕಳಿಸಿದಳು. ಬೀರುವಿನಿಂದ ಗಂಡನ ಬಿ.ಪಿ. ಮಾತ್ರೆಯನ್ನು ತುದಿಗಾಲಲ್ಲಿ ಹೋಗಿ ತಂದಳು. ಜೀವನದಲ್ಲಿ ಒಂದು ಒಳ್ಳೆ ಕೆಲಸ ಮಾಡಿದೆ ಎನ್ನಿಸಿ ಹೊಟ್ಟೆ ತುಂಬಿತ್ತು.

ನಾಲ್ಕನೇ ದಿನ ಪಕ್ಕದ ಬ್ಲಾಕಿನ ಶಾರದಮ್ಮ ಬಂದರು, ಭಜನೆಯ ಗುಂಪಿನ ಇನ್ನಿಬ್ಬರ ಜೊತೆ.

"ರೀ ವೈಜಯಂತಿ, ಸೊಸೆಗೆ ಅರಮನೆ ಕಟ್ಟಿಸಿದ್ದೀರಂತೆ. ನಮಗೆ ತೋರಿಸಲ್ವಾ?"

ಮೂರು ಗಂಟೆ ಆದಮೇಲೆ ಬನ್ನಿ ಎನ್ನುವ ಮಾತು ವೈಜಯಂತಿಯ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮದುವೆಯಾಗಿ ಬಂದ ಮೂವತ್ತೆರಡು ವರ್ಷದಲ್ಲಿ ಯಾರೂ ಅವಳ ಮನೆಯಲ್ಲಿ ನೋಡಲು ಏನಾದರೂ ಇದೆ ಎಂದು ಬಂದವರಲ್ಲ.

"ಮೆಲ್ಲಗೆ ಬನ್ನಿ, ಮಲಗಿದ್ದಾಳೆ," ಎಂದು ಬಾಗಿಲು ಸರಿಸಿದಳು.

"ಈ ಕತ್ತಲಲ್ಲಿ ಏನು ಕಾಣುತ್ತೆ?" ಎಂದರು ಶಾರದಮ್ಮ.

ವೈಜಯಂತಿ ಚಾವಣಿಯ ದೀಪ ಹಾಕಿದಳು. ನೀಲಿ ಬಂತು, ಆಮೇಲೆ ಹಳದಿ. ಲಾವಣ್ಯ ಧಡಕ್ಕನೆ ಎದ್ದು ಕೂತು ಕೆದರಿದ ಕೂದಲು ಸರಿಮಾಡಿಕೊಂಡಳು.

"ಮಲಕ್ಕೊಳಮ್ಮ, ಮಲಕ್ಕೊ. ನಾವೇನು ಹೊರಗಿನವರಾ?" ಎನ್ನುತ್ತ ಶಾರದಮ್ಮ ಮಂಚದ ತುದಿಗೆ ಕೂತು ಮೇಲೆ ಕೆಳಗೆ ಕುಲುಕಿ ನೋಡಿದರು. "ಪರವಾಗಿಲ್ಲ, ಒಳ್ಳೇ ಹಾಸಿಗೆ."

ಆಮೇಲೆ ಹಾಲಿನಲ್ಲಿ ಕಾಫಿಯಾಯಿತು. ಲಾವಣ್ಯಳೇ ಎದ್ದು ಮಾಡಿದಳು. ವೈಜಯಂತಿಗೆ ನಾಚಿಕೆಯಾಯಿತು, ಹೆಮ್ಮೆಯೂ ಆಯಿತು. ಎರಡೂ ಒಟ್ಟಿಗೇ ಇದ್ದವು.

ಮೇ ಬಂತು, ಅದರ ಹಿಂದೆಯೇ ಲೂ ಎಂಬ ಬಿಸಿಗಾಳಿ. ಬಾಲ್ಕನಿಯ ಕಬ್ಬಿಣ ಮುಟ್ಟಿದರೆ ಕೈ ಸುಡುತ್ತಿತ್ತು. ಹಾಲಿನ ಕೂಲರಿನ ಮುಂದೆ ಕೂತರೂ ಅನಂತರಾಮರ ಬೆನ್ನಿನ ತುಂಬ ಬೆವರುಸಾಲೆ. ಒಂದು ದಿನ ಊಟವಾದ ಮೇಲೆ ಚಾಪೆ ಸುರುಳಿ ಹಿಡಿದು ಕೋಣೆಯ ಬಾಗಿಲಿಗೆ ಬಂದರು.

"ಮೂಲೇಲಿ ಬಿದ್ಕೊಂಡಿರ್ತೀನಿ ಕಣಮ್ಮ. ಸದ್ದೇ ಮಾಡಲ್ಲ."

ಬೇಡ ಎನ್ನುವ ಸೊಸೆ ಯಾರಿದ್ದಾಳೆ? ಅನಂತರಾಮ ಸದ್ದು ಮಾಡಲಿಲ್ಲ, ಗೊರಕೆ ಹೊಡೆದರು. ಎರಡು ದಿನ ಬಿಟ್ಟು ಧಾರಿಣಿ ಪುಸ್ತಕ ಹಿಡಿದು ಬಂದಳು: "ಭಾಭಿ, ಎಕ್ಸಾಮ್ ಇದೆ, ಪ್ಲೀಸ್. ಚಿಕ್ಕ ಲ್ಯಾಂಪ್ ಅಷ್ಟೇ." ಇಬ್ಬರಿದ್ದ ಮೇಲೆ ಮೂರನೆಯವಳು ಹೊರಗೆ ಯಾಕೆ ಬೇಯಬೇಕೆಂದು ವೈಜಯಂತಿಯೂ ಹುರುಳಿಕಾಯಿ, ಈಳಿಗೆಮಣೆ ಸಮೇತ ಒಳಗೆ ಹೋದಳು. ಅಕ್ಕಪಕ್ಕದ ಮನೆಗಳಲ್ಲೂ ಅದೇ ರೂಢಿ. ಮನೆಗೆ ಒಂದು ಎ.ಸಿ., ಎ.ಸಿ. ಇದ್ದಲ್ಲಿ ಮನೆಯೆಲ್ಲ.

ಒಂದು ಮಧ್ಯಾಹ್ನ ನೀರು ಕುಡಿಯಲು ಹೊರಗೆ ಬಂದ ವೈಜಯಂತಿ ದಂಗಾದಳು. ಲಾವಣ್ಯ ದಿವಾನದ ಮೇಲೆ, ಬಿಸಿಗಾಳಿಯಲ್ಲಿ, ಮುಖಕ್ಕೆ ದುಪಟ್ಟಾ ಹಾಕಿಕೊಂಡು ಮಲಗಿದ್ದಳು.

"ಇಲ್ಯಾಕಮ್ಮ ಮಲಗಿದ್ದೀಯಾ?"

"ಒಳಗೆ ಮಾವನ ಗೊರಕೆ," ಎಂದಳು ಲಾವಣ್ಯ, ದುಪಟ್ಟಾ ತೆಗೆಯದೆ. "ಧಾರಿಣಿ ಲೈಟ್ ಹಾಕಿದ್ದಾಳೆ. ಆಮೇಲೆ ನೀವು..."

"ನಾನು ಹುರುಳಿಕಾಯಿ ಹೆಚ್ತಿದ್ದೆ," ಎಂದು ವೈಜಯಂತಿಯೇ ಮಾತು ಮುಗಿಸಿದಳು.

ಸಂಜೆ ಲಾವಣ್ಯ ಕ್ಯಾಬು ಹತ್ತಿದ ಮೇಲೆ ಜಗಳ ಆರಂಭವಾಯಿತು.

"ನಾಳೆಯಿಂದ ಆ ಕೋಣೆಗೆ ಯಾರೂ ಕಾಲಿಡಕೂಡದು," ಎಂದಳು ವೈಜಯಂತಿ.

"ನನ್ನ ಬಾಕಿ ದುಡ್ಡಲ್ಲಿ ಬಂದ ಎ.ಸಿ. ಕಣೇ ಅದು," ಎಂದರು ಅನಂತರಾಮ. "ನಾನು ಹೊರಗೆ ಬೇಯಬೇಕಾ?"

"ಕೂಲರ್ ಇದೆಯಲ್ಲ."

"ಕೂಲರ್ ಮುಂದೆ ಕೂತ್ರೆ ಒದ್ದೆ ಬಟ್ಟೆ ಹೊದ್ದ ಹಾಗಾಗುತ್ತೆ. ನೀನೇ ಕೂತ್ಕೊ."

"ಔರ್ ಮೇರಾ ಎಕ್ಸಾಮ್?" ಎಂದಳು ಧಾರಿಣಿ.

"ಅವಳ ಕೆಲಸ ಹೋದ್ರೆ ನಿನ್ನ ಫೀಸು ಕಟ್ಟೋರು ಯಾರು?"

ಆ ಮಾತಿಗೆ ಎಲ್ಲರೂ ತಣ್ಣಗಾದರು. ಮೂರು ದಿನ ಕಟ್ಟುನಿಟ್ಟಾಗಿ ನಡೆಯಿತು. ನಾಲ್ಕನೆಯ ದಿನ ಬಿಸಿಲು ನಲವತ್ತೈದು ಮುಟ್ಟಿತು, ನಲ್ಲಿಯಲ್ಲಿ ಕುದಿಯುವ ನೀರು ಬಂತು. ಆ ದಿನ ಕೋಣೆಗೆ ಮೊದಲು ಹೋದವಳು ವೈಜಯಂತಿಯೇ. ಸುಮ್ಮನೆ ಒಂದು ಗಳಿಗೆ ನಿಂತು ಬರುತ್ತೇನೆಂದು ಹೋದವಳು ಗೋಡೆಗೊರಗಿ ಕೂತಳು, ಕೂತವಳು ಮಲಗಿದಳು. ಎದ್ದಾಗ ಪಕ್ಕದಲ್ಲಿ ಗಂಡನ ಚಾಪೆಯಿತ್ತು.

ಜೂನಿನ ಎರಡನೇ ವಾರ ಹರಿದ್ವಾರಕ್ಕೆ ಹೊರಟಿದ್ದ ಇಂದುಶೇಖರ, ಹೆಂಡತಿಯ ಜೊತೆ, ಬೆಳಿಗ್ಗೆ ಒಂಬತ್ತೂವರೆಗೆ ಬಂದಿಳಿದ. ರಾತ್ರಿಯೆಲ್ಲ ರೈಲಿನಲ್ಲಿ ಕೂತೇ ಬಂದವರು. ಮಲಗಲು ಹಾಸಿಗೆ ಬೇಕು. ಹಾಸಿಗೆಗಳಿದ್ದುದು ಮಂಚದ ಪೆಟ್ಟಿಗೆಯಲ್ಲಿ, ಪೆಟ್ಟಿಗೆಯ ಮೇಲೆ ಲಾವಣ್ಯ.

ಆಗಷ್ಟೇ ಅವಳಿಗೆ ನಿದ್ದೆ ಹತ್ತಿ ಒಂದು ಗಂಟೆಯಾಗಿತ್ತು. ವೈಜಯಂತಿ ಅವಳ ಭುಜ ಅಲುಗಾಡಿಸಿದಳು. "ಲಾವಣ್ಯಾ, ಒಂದೈದು ನಿಮಿಷ ಏಳಮ್ಮ. ಹಾಸಿಗೆ ತೆಗೀಬೇಕು."

ಅವಳು ದಿಂಬು ತಬ್ಬಿಕೊಂಡು ಎದ್ದು ಗೋಡೆಗೊರಗಿ ನಿಂತಳು. ಎಂಟಿಂಚಿನ ಹಾಸಿಗೆಯನ್ನು ಮೂವರು ಸೇರಿ ಎತ್ತಿದರು, ಹಲಗೆ ಸರಿಸಿದರು. ನೆಂಟರ ಹಾಸಿಗೆ ಹೊರಗೆ ಬಂತು. ಅಷ್ಟರಲ್ಲಿ ಅನಂತರಾಮರಿಗೆ ನೆನಪಾಯಿತು.

"ಹೇಗೂ ತೆಗೆದಿದ್ದೀವಲ್ಲ, ನನ್ನ ಪಿಂಚಣಿ ಆರ್ಡರಿನ ಕಾಪಿ ನೋಡಿಬಿಡ್ತೀನಿ."

"ರೀ, ಆಮೇಲೆ ನೋಡಿ."

"ಆಮೇಲೆ ಮತ್ತೆ ಎತ್ತೋರು ಯಾರು?"

ಎಂಟು ಕಟ್ಟನ್ನೂ ಬಿಚ್ಚಿದರು. ಮುಕ್ಕಾಲು ಗಂಟೆ ಹಿಡಿಯಿತು. ಕಾಗದ ಸಿಗಲಿಲ್ಲ. ವೈಜಯಂತಿ ತಿರುಗಿ ನೋಡಿದಾಗ ಲಾವಣ್ಯ ನಿಂತೇ ನಿದ್ದೆ ಮಾಡುತ್ತಿದ್ದಳು. ಅಷ್ಟರಲ್ಲಿ ಅಡುಗೆಮನೆಯಿಂದ ಅಣ್ಣನ ಹೆಂಡತಿ ಸಕ್ಕರೆ ಎಲ್ಲಿದೆ ಎಂದು ಕೂಗಿದಳು, ವೈಜಯಂತಿ ಅತ್ತ ಹೋದಳು.

ಆ ರಾತ್ರಿಯ ಪಾಳಿಯಲ್ಲಿ ಲಾವಣ್ಯ ಮೂರನೇ ಸಲ ಸಿಕ್ಕಿಬಿದ್ದಳು. ಅತ್ತ ಯಾರೋ ಮುದುಕಿ ಹಲೋ ಹಲೋ ಎನ್ನುತ್ತಲೇ ಇದ್ದಳಂತೆ. ಮೇಲಧಿಕಾರಿ ಒಳ್ಳೆಯವನು, ಮೂರನೇ ಲೆಟರ್ ಕೊಡದೆ, ಇದೇ ಕೊನೆ ಎಂದು ಹೇಳಿ ಬಿಟ್ಟ. ಶನಿವಾರ ಲಾವಣ್ಯ ಸೂಟ್‌ಕೇಸಿಗೆ ಬಟ್ಟೆ ತುಂಬಿದಳು.

"ನೀನೂ ಬಾ," ಎಂದಳು ಗಂಡನಿಗೆ. "ಒಂದು ರೂಮು ಮಾಡೋಣ. ಅಲ್ಲಿಂದ ಫರೀದಾಬಾದ್ ಇನ್ನೂ ಹತ್ತಿರ."

"ಅಮ್ಮ ಇಷ್ಟು ಆಸೆಯಿಂದ ಕೋಣೆ ಮಾಡಿಸಿದ್ದಾರೆ. ಈಗ ಇಬ್ಬರೂ ಎದ್ದುಹೋದ್ರೆ ಅವರ ಮುಖ ನೋಡೋಕಾಗುತ್ತಾ?"

"ಕೋಣೆ ಚೆನ್ನಾಗಿದೆ ಸಂದೀಪ್. ಚೆನ್ನಾಗಿರೋದಕ್ಕೇ ಯಾರೂ ಅದನ್ನ ಬಿಟ್ಟು ಹೋಗ್ತಿಲ್ಲ."

ಬಾಗಿಲಾಚೆ ನಿಂತಿದ್ದ ವೈಜಯಂತಿ ಇದನ್ನು ಕೇಳಿದಳು. ಒಳಗೆ ಹೋಗಿ ಏನಾದರೂ ಹೇಳಬೇಕಿತ್ತು. ಬದಲಿಗೆ ಅಡುಗೆಮನೆಗೆ ಹೋಗಿ ಉಪ್ಪಿನಕಾಯಿ ಡಬ್ಬಿ ಕಟ್ಟಿಕೊಟ್ಟಳು.

ಎರಡು ಭಾನುವಾರ ಲಾವಣ್ಯ ಬಂದುಹೋದಳು. ಮೂರನೆಯದಕ್ಕೆ ಬರಲಿಲ್ಲ, ನಾಲ್ಕನೆಯದಕ್ಕೂ ಇಲ್ಲ. ಸಂದೀಪ ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಕೂಗಾಡುತ್ತಿದ್ದ. "ಹಾಗಾದ್ರೆ ಅಲ್ಲೇ ಇದ್ದುಬಿಡು!" ಎಂದ ದಿನ ಆ ಕಡೆಯಿಂದ ಆಯಿತು ಎಂಬ ಉತ್ತರ ಬಂತಂತೆ. ಅವನು ಊಟ ಬಿಟ್ಟು ಕೂತ.

"ನಾನು ಹೋಗಿ ಕರ್ಕೊಂಡು ಬರ್ತೀನಿ," ಎಂದಳು ವೈಜಯಂತಿ.

ಜುಲೈನ ಒಂದು ಬುಧವಾರ, ಬಿಸಿಬೇಳೆಬಾತಿನ ಡಬ್ಬಿ ಹಿಡಿದು, ಧೌಲಾಕುವಾಂನಲ್ಲಿ ಬಸ್ಸು ಬದಲಿಸಿ, ಗುರಗಾಂವಿನಲ್ಲಿ ಸೈಕಲ್ ರಿಕ್ಷಾ ಹತ್ತಿ ಹುಡುಕಿಕೊಂಡು ಹೋದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು: ಬೀರು ಹೊರಗೆ ಹಾಕಿಸ್ತೀನಿ, ಚಿಲಕ ಹಾಕ್ಕೊ, ಮಾವನನ್ನ ನಾನು ನೋಡ್ಕೋತೀನಿ. ಎಷ್ಟು ದಿನ ನಡೆದೀತು ಎಂದು ತನ್ನನ್ನೇ ಕೇಳಿಕೊಂಡಳು. ಮೂರು ದಿನ. ನಾಲ್ಕನೇ ದಿನ ಮತ್ತೆ ತಾನೇ ಚಾಪೆ ಹಿಡಿದು ನಿಂತಿರುತ್ತೇನೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮಾತು ಜೋಡಿಸುವುದನ್ನು ಬಿಡಲಿಲ್ಲ.

ಪಿ.ಜಿ. ಇದ್ದುದು ಹಾರ್ಡ್‌ವೇರ್ ಅಂಗಡಿಯ ಮೇಲೆ, ಮೂರನೇ ಮಹಡಿಯಲ್ಲಿ. ಬಾಗಿಲು ತೆಗೆದವಳು ಮೈತ್ರೇಯಿ, ಹುಬ್ಬಳ್ಳಿಯ ಹುಡುಗಿ, ಲಾವಣ್ಯಳ ಜೊತೆ ಕೆಲಸ ಮಾಡುವವಳು. ಒಳಗೆ ಮೂರು ಕಬ್ಬಿಣದ ಮಂಚ. ಕಿಟಕಿಗೆ ಪರದೆಯಿಲ್ಲ, ಹಳೆಯ ಪೇಪರು ಅಂಟಿಸಿತ್ತು. ಗೋಡೆಯ ಸುಣ್ಣ ಹಕ್ಕಳೆಯೆದ್ದಿತ್ತು. ಕೆಳಗೆ ಅಂಗಡಿಯ ಜನರೇಟರು ನೆಲ ಅದುರುವಂತೆ ಹೊಡೆದುಕೊಳ್ಳುತ್ತಿತ್ತು. ಆ ಸದ್ದಿನ ಮಧ್ಯೆ, ತೆಳ್ಳನೆ ಹಾಸಿಗೆಯ ಮೇಲೆ, ಲಾವಣ್ಯ ಮಲಗಿದ್ದಳು.

"ಎಬ್ಬಿಸ್ಲೇನ್ರಿ ಆಂಟಿ?"

"ಬೇಡಮ್ಮ," ಎಂದಳು ವೈಜಯಂತಿ.

ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಳು. ಲಾವಣ್ಯಳ ಕಣ್ಣಿನ ಸುತ್ತಲ ಕಪ್ಪು ಹೋಗಿತ್ತು, ಕೆನ್ನೆ ತುಂಬಿಕೊಂಡಿತ್ತು. ಒಂದು ಸಲ ಮಗ್ಗುಲಾಗಿ ಮತ್ತೆ ಹಾಗೇ ಮಲಗಿದಳು. ಅವಳ ನಿದ್ದೆ ಕೆಡಿಸಿದ ಗದ್ದಲ ಕುಕ್ಕರಿನದಾಗಿರಲಿಲ್ಲ, ಕರೆಗಂಟೆಯದಾಗಿರಲಿಲ್ಲ, ಮನೆಯವರಾದ ತಮ್ಮದೇ ಆಗಿತ್ತು ಎಂದು ವೈಜಯಂತಿಗೆ ಅರ್ಥವಾಯಿತು. ಇಲ್ಲಿ ಅವಳನ್ನು ಕರೆಯುವವರು ಯಾರೂ ಇರಲಿಲ್ಲ. ಅಳು ಬಂತು. ಒಂದೂಕಾಲು ಗಂಟೆ ಕೂತು, ಡಬ್ಬಿಯನ್ನು ಮೈತ್ರೇಯಿಯ ಕೈಗೆ ಕೊಟ್ಟು, ಮೆಟ್ಟಿಲಿಳಿದಳು.

ಮನೆ ಮುಟ್ಟುವ ಹೊತ್ತಿಗೆ ಎಂಟು ಗಂಟೆಯಾಗಿತ್ತು. ಎಲ್ಲರೂ ನೇರಳೆ ಗೋಡೆಯ ಕೋಣೆಯಲ್ಲಿದ್ದರು. ಟಿ.ವಿ.ಯೂ ಈಗ ಅಲ್ಲಿಗೇ ಬಂದಿತ್ತು. ಅನಂತರಾಮ ಮಂಚದ ಮೇಲೆ, ಸಂದೀಪ ನೆಲದ ಮೇಲೆ ಮಲಗಿದ್ದರು, ಧಾರಿಣಿ ಇಬ್ಬರ ನಡುವೆ ಪುಸ್ತಕ ಹರವಿಕೊಂಡು ಕೂತಿದ್ದಳು.

"ಏನಂದ್ಳು?" ಸಂದೀಪ ಎದ್ದು ಕೂತ.

"ಮಲಗಿದ್ಳು."

"ಅಂದ್ರೆ? ಅಷ್ಟು ದೂರ ಹೋಗಿ ಮಾತಾಡದೆ ಬಂದ್ಯಾ?"

"ಒಂದು ಗಂಟೆ ಕೂತಿದ್ದೆ. ಏಳಲಿಲ್ಲ."

"ಎಬ್ಬಿಸಬೇಕಿತ್ತಮ್ಮ!"

"ಅದೇ ಮತ್ತೆ," ಎಂದರು ಅನಂತರಾಮ. "ಅತ್ತೆ ಬಂದಿದ್ದಾರೆ ಅಂದ್ರೆ ಎದ್ದೇ ಏಳ್ತಿದ್ಳು."

"ಎಬ್ಬಿಸಿ ಕೇಳೋಕೆ ಕಿತನಾ ಟೈಮ್ ಲಗತಾ, ಅಮ್ಮ," ಎಂದಳು ಧಾರಿಣಿ.

ಮೂವರ ಮುಖದಲ್ಲೂ ಕೆಟ್ಟತನವಿರಲಿಲ್ಲ. ವೈಜಯಂತಿ ಬಾಗಿಲಲ್ಲೇ ನಿಂತು ಒಬ್ಬೊಬ್ಬರನ್ನೇ ನೋಡಿದಳು.

"ಅವಳು ಬರಲ್ಲ ಕಣೋ ಸಂದೀಪ. ಇನ್ನು ಕರೀಬೇಡ."

ಸಂದೀಪ ಮತ್ತೆ ಮಲಗಿ ಗೋಡೆಯ ಕಡೆ ತಿರುಗಿದ. ಟಿ.ವಿ.ಯಲ್ಲಿ ಯಾರೋ ನಗುತ್ತಿದ್ದರು.

"ಬಾಗಿಲು ಹಾಕೇ," ಎಂದರು ಅನಂತರಾಮ, "ತಂಪೆಲ್ಲ ಹೊರಗೆ ಹೋಗ್ತಿದೆ."

ಎರಡು ಬಸ್ಸಿನ ಸೆಕೆಗೆ ಸೀರೆ ಬೆನ್ನಿಗೆ ಅಂ‌ಟಿಕೊಂಡಿತ್ತು, ಕಾಲು ಸೋತಿತ್ತು. ವೈಜಯಂತಿ ಬಾಗಿಲು ಹಾಕಿದಳು, ಒಳಗಿನಿಂದ.